ಗಣ್ಣುಕಾಲಿನ ಬಳಗ



ಬಾಗಲೂರು ಸೀಮೆಯಲ್ಲಿ ರೇಷ್ಮೆ ಹುಳು ಸಾಕಿದವರಿಗೆ 'ಜ್ವರ' ಎಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಹೆಚ್ಚುಕಡಿಮೆ ಒಂದು ದಿನ ಅಲ್ಲಾಡದೆ ಕೂರುತ್ತದೆ. ಇದು ಕಾಯಿಲೆಯಲ್ಲ, ಹಳೆಯ ಅಂಗಿ ಕಳಚುವ ಹೊತ್ತು. ಮೊಟ್ಟೆಯೊಡೆದು ಬಂದ ಮರಿ ಹಣ್ಣಾಗುವಷ್ಟರಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಗುತ್ತದೆ. ಮೈಮೇಲಿನ ಪೊರೆ ಅಷ್ಟು ಹಿಗ್ಗಲಾರದು. ಅದಕ್ಕೇ ನಾಲ್ಕು ಜ್ವರ, ನಾಲ್ಕು ಸಲ ಹೊಸ ಪೊರೆ.

ಕೆರೆಯ ಏಡಿ, ಕಲ್ಲಡಿಯ ಚೇಳು, ಸೂರಿನ ಜೇಡ, ದನದ ಮೈಯ ಉಣ್ಣೆ, ಎಲ್ಲವೂ ಹೀಗೆಯೇ ಪೊರೆ ಬಿಟ್ಟು ಬೆಳೆಯುವವು. ಎಲ್ಲ ಒಂದೇ ವಂಶ. ಕನ್ನಡ ಪುಸ್ತಕಗಳು ಇವನ್ನು ಸಂಧಿಪದಿಗಳು ಎನ್ನುತ್ತವೆ. ತಮಿಳಿನಲ್ಲಿ ಓದುವ ನಿಮ್ಮ ಮಕ್ಕಳು ಕಣುಕ್ಕಾಲಿಗಳ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಆ ತಮಿಳು ಮಾತೇ ನಮಗೆ ಹತ್ತಿರ. ಅವರ ಕಣು, ನಮ್ಮ ಕಬ್ಬಿನ ಗಣ್ಣು. ಗಣ್ಣುಗಣ್ಣಾಗಿ ಮಡಚುವ ಕಾಲು, ಉಂಗುರ ಜೋಡಿಸಿದಂಥ ಮೈ. ಒಳಗೆ ಮೂಳೆಯಿಲ್ಲ, ಕೈಟಿನ್ ಎಂಬ ವಸ್ತುವಿನಿಂದಾದ ಹೊರಕವಚವೇ ಎಲುಬುಗೂಡು.

ಕಾಲು ಎಣಿಸಿದರೆ ಜಾತಿ ಗೊತ್ತಾಗುತ್ತದೆ. ಕೀಟಕ್ಕೆ ಆರು, ಜೇಡ ಮತ್ತು ಚೇಳಿಗೆ ಎಂಟು, ಏಡಿಗೆ ಇಕ್ಕಳದ ಕೈ ಸೇರಿ ಹತ್ತು. ಸಹಸ್ರಪದಿಗೆ ಹೆಸರು ಮಾತ್ರ ದೊಡ್ಡದು. ನಿಜವಾಗಿ ಸಾವಿರ ದಾಟಿದ್ದು 2021ರಲ್ಲಿ ಆಸ್ಟ್ರೇಲಿಯದಿಂದ ವರದಿಯಾದ ಒಂದು ಜಾತಿ, 1306 ಕಾಲು! ರೇಷ್ಮೆ ಹುಳುವಿಗೆ ಹದಿನಾರು ಇವೆಯಲ್ಲ ಎನ್ನುತ್ತೀರಾ? ತಲೆಯ ಹಿಂದಿನ ಮೂರು ಜೊತೆ ಮಾತ್ರ ನಿಜಗಾಲು. ಹಿಂದಿನ ಐದು ಜೊತೆ ಬರೀ ಮಾಂಸದ ಗುಬುಟು, ಚಿಟ್ಟೆಯಾದಾಗ ಇರುವುದಿಲ್ಲ.

ಹೆಸರಿಟ್ಟ ಪ್ರಾಣಿಜಾತಿಗಳಲ್ಲಿ ಐದಕ್ಕೆ ನಾಲ್ಕು ಪಾಲು ಈ ಬಳಗದವೇ. ಕೀಟಗಳೇ ಸುಮಾರು 10 ಲಕ್ಷ.

ನಮಗೆ ಅನ್ನ ಕೊಡುವ ಹುಳುವೂ ಇದರಲ್ಲಿದೆ, ಅದರ ಶತ್ರುವೂ ಇದೆ. ಬಂಗಾಳದ ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂತು, ಆಮೇಲೆ ಗಡಿ ದಾಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಯನ್ನೂ ಹಿಡಿಯಿತು. ರೈತರು ಔಷಧಿ ಮೇಲೆ ಔಷಧಿ ಹೊಡೆದರು. ಕೊನೆಗೆ ಅದನ್ನು ಬಗ್ಗಿಸಿದ್ದು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬಿಟ್ಟ ಸಣ್ಣದೊಂದು ಕಣಜ. ಅದೂ ಆರು ಕಾಲಿನದೇ.

ಕೀಟನಾಶಕಕ್ಕೆ ಈ ನೆಂಟು ಹಗೆಗಳ ಲೆಕ್ಕ ತಿಳಿಯದು. ಟೊಮೆಟೊಗೋ ಗುಲಾಬಿಗೋ ಹೊಡೆದದ್ದು ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಮನೆಯೊಳಗಿನ ಹುಳು ಸಾಯುತ್ತದೆ. ಚಂದ್ರಿಕೆಗೆ ಬಿಡುವ ಎರಡು ದಿನದ ಮುಂಚೆ ಹೀಗಾದರೆ ತಿಂಗಳ ದುಡಿಮೆ ಹೋಯಿತು. ಆದ್ದರಿಂದ ಔಷಧಿ ಹೊಡೆಯುವವರು ಹಿಂದಿನ ದಿನವೇ ಪಕ್ಕದ ತೋಟದವರಿಗೆ ಒಂದು ಮಾತು ಹೇಳಿ. ಅವರು ಬೇಕಾದಷ್ಟು ಸೊಪ್ಪು ಮೊದಲೇ ಕೊಯ್ದು ಒದ್ದೆ ಗೋಣಿ ಮುಚ್ಚಿ ಇಟ್ಟುಕೊಳ್ಳುತ್ತಾರೆ.