ಮದ್ದು ಪುಕ್ಕಟೆ, ಮಲಗಲು ಬೀದಿ
(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು. ಅವುಗಳ ಬುಡದಲ್ಲಿ ಮಲಗುವವರು ನಮಗೆ ಕಾಣುವುದಿಲ್ಲ. 2024ರ ಜನವರಿಯಲ್ಲಿ ನಡೆದ ಒಂದು ರಾತ್ರಿಯ ಎಣಿಕೆಯಲ್ಲಿ ಆ ಸಿರಿವಂತ ದೇಶದಲ್ಲಿ ಮನೆಯಿಲ್ಲದವರು 7,71,480 ಮಂದಿ!

ಇವರಿಗೆ ಕಾಯಿಲೆಯಾದರೆ ಗತಿಯೇನು? 1986ರ ಕಾನೂನಿನಂತೆ, ಪ್ರಾಣ ಹೋಗುವ ಹೊತ್ತಿನಲ್ಲಿ ಆಸ್ಪತ್ರೆಯವರು ನೋಡಲೇಬೇಕು. ದಿನದಿನವೂ ಕೊರೆಯುವ ಕಾಯಿಲೆಗೆ ಮಾತ್ರ ವಿಮೆ ಬೇಕು, ಇಲ್ಲವೇ ಹಣ ಬೇಕು.

ಈ ಅನ್ಯಾಯವನ್ನು ಕಂಡು ಸುಮ್ಮನಿರದವರು ವೈದ್ಯಕೀಯ ವಿದ್ಯಾರ್ಥಿಗಳು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದಲ್ಲಿ 1997ರಲ್ಲಿ ಅವರು ತಮ್ಮ ಅಧ್ಯಾಪಕಿ ಡಾ. ಎಲೆನ್ ಬೆಕ್ ಅವರೊಡನೆ ಸೇರಿ ವಿಮೆಯಿಲ್ಲದವರಿಗೆ, ಮನೆಯಿಲ್ಲದವರಿಗೆ ಉಚಿತ ಚಿಕಿತ್ಸಾಲಯವನ್ನು ಆರಂಭಿಸಿದರು. ಇಂಥ ಕಡೆಗಳಲ್ಲಿ ರೋಗಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ಅವನ ಕಷ್ಟ ಕೇಳಿ, ರಕ್ತದೊತ್ತಡ ನೋಡುವವರೆಗೆ ವಿದ್ಯಾರ್ಥಿಗಳದೇ ಕೆಲಸ. ಬಳಿಕ ಹಿರಿಯ ವೈದ್ಯರು ಪರೀಕ್ಷಿಸಿ ಮದ್ದು ನಿರ್ಧರಿಸುತ್ತಾರೆ. ಇಂದು ಆ ದೇಶದ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಚಿಕಿತ್ಸಾಲಯಗಳಿವೆ. ಬಡವನ ಹುಣ್ಣನ್ನು ಕೈಯಾರೆ ತೊಳೆದ ಈ ತರುಣರನ್ನು ನಾವು ಮನಸಾರೆ ಅಭಿನಂದಿಸುತ್ತೇವೆ.

ಆದರೆ ಒಂದು ಮಾತು. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಕೊಟ್ಟರು. ಅದನ್ನು ತಂಪಾಗಿಡಲು ಅವನಿಗೆ ಜಾಗವೆಲ್ಲಿ? ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿ, ನೀರು ಸೋಕಿಸಬೇಡ ಎಂದರು. ಮಳೆ ಬಂದರೆ ಅವನು ಎಲ್ಲಿಗೆ ಹೋಗಬೇಕು? ಊಟವಾದ ಮೇಲೆ ಮಾತ್ರೆ ನುಂಗು ಎಂದರು, ಊಟ ಯಾವಾಗ? ಸಾಲದೆಂಬಂತೆ, ಬಯಲಲ್ಲಿ ಮಲಗಿದವರಿಗೆ ನಗರಾಡಳಿತಗಳು ದಂಡ ಹಾಕಬಹುದೆಂದು 2024ರ ಜೂನ್ ತಿಂಗಳಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ವಿದ್ಯಾರ್ಥಿ ಮದ್ದು ಕೊಡುತ್ತಾನೆ, ಪೋಲೀಸಿನವನು ಎಬ್ಬಿಸಿ ಓಡಿಸುತ್ತಾನೆ. ಗಂಟುಮೂಟೆಯೊಡನೆ ಮದ್ದೂ ಕಸದ ಗಾಡಿಯ ಪಾಲಾದರೆ ರೋಗಿ ಮೊದಲಿದ್ದಲ್ಲಿಯೇ ಉಳಿದ. ವಿದ್ಯಾರ್ಥಿಯಾದರೂ ಓದು ಮುಗಿದ ಮೇಲೆ ಊರು ಬಿಡುವವನೇ.

ಇದು ದೂರದ ಕಥೆಯೆಂದು ನಾವು ಎದ್ದು ಹೋಗುವಂತಿಲ್ಲ. ಗಿರಣಿ ಮುಚ್ಚಿ, ಅಂಗಡಿ ಮುಳುಗಿ, ನಾಲ್ಕು ತಿಂಗಳ ಬಾಡಿಗೆ ನಿಂತರೆ ನಮಗೂ ಬೀದಿಗೂ ಎಷ್ಟು ದೂರ? 1948ರ ಇ.ಎಸ್.ಐ. ಕಾನೂನಿನಿಂದ ನಮ್ಮ ಕಾರ್ಮಿಕರಿಗೆ ಬಂದ ಚಿಕಿತ್ಸೆ ಯಾರ ದಯೆಯೂ ಅಲ್ಲ, ಹಕ್ಕು. ಆ ಹಕ್ಕು ಕೆಲಸವಿರುವವನ ಬಾಗಿಲಿಗೇ ನಿಲ್ಲಬಾರದು. ಸೇವೆ ಮಾಡುವ ವಿದ್ಯಾರ್ಥಿಗೆ ಕೈಮುಗಿಯೋಣ. ಸೂರು ಮತ್ತು ಚಿಕಿತ್ಸೆ ಎರಡನ್ನೂ ಸರ್ಕಾರದಿಂದಲೇ ಕೇಳೋಣ.