ಚಟ, ವಂಶವಾಹಿ ಮತ್ತು ನಮ್ಮ ಮನೆಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾವು ವೈದ್ಯರಲ್ಲ, ಓದಿದ್ದು ಬಿ.ಕಾಂ. ಆದರೂ ಹಬ್ಬದ ದಿನ ಇಂಥ ವಿಷಯವನ್ನೆತ್ತಲು ಕಾರಣವುಂಟು. ಪರಊರಿನಲ್ಲಿ ನೆಲೆಸಿದ ನಮ್ಮ ಸಂಸಾರಗಳಲ್ಲಿ ಒಬ್ಬ ಹುಡುಗ ಕುಡಿತಕ್ಕೆ ಬಿದ್ದರೆ ಸುದ್ದಿ ಹೊಸ್ತಿಲು ದಾಟದು. "ಅವರ ವಂಶವೇ ಹಾಗೆ" ಎಂಬ ಮಾತು ಊರು ಮುಟ್ಟಿದರೆ ತಂಗಿಯ ಮದುವೆ ನಿಂತೀತೆಂಬ ಭಯ. ಆ ಮಾತಿನಲ್ಲಿ ನಿಜವೆಷ್ಟು ಎಂದು ವಿಚಾರಿಸೋಣ.

ನಿಜ ಸ್ವಲ್ಪ ಉಂಟು. ಅವಳಿಗಳನ್ನು ಹೋಲಿಸಿದ ಅಧ್ಯಯನಗಳ ಪ್ರಕಾರ, ಕುಡಿತದ ಚಟದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ವಂಶವಾಹಿಗಳು ಕಾರಣ. ಉಳಿದರ್ಧ ಬಾಳಿನ ಪರಿಸ್ಥಿತಿಯದು. ವಂಶವಾಹಿಗಳೂ ಒಂದೆರಡಲ್ಲ, ಬಹಳ. ಬಹುತೇಕ ಒಂದೊಂದರ ಪಾಲು ಬಿಡಿಗಾಸಿನಷ್ಟು.

ಇದರಿಂದ ಮದ್ದಿಗೆ ದಾರಿ ಹೇಗೆ? ಚೀನ, ಜಪಾನು, ಕೊರಿಯಾಗಳಲ್ಲಿ ಅನೇಕರಿಗೆ ಒಂದು ವಂಶವಾಹಿಯ ಭೇದದಿಂದಾಗಿ ಮದ್ಯ ಜೀರ್ಣವಾಗುವಾಗ ಹುಟ್ಟುವ ವಿಷ ಬೇಗ ಕರಗದು. ಮುಖ ಕೆಂಪೇರಿ ಹೊಟ್ಟೆ ತೊಳೆಸುತ್ತದೆ. ಅಂಥವರು ಚಟಕ್ಕೆ ಬೀಳುವುದು ಕಡಿಮೆ. 1951ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೈಸಲ್ಫಿರಾಮ್ ಮಾತ್ರೆ ಮಾಡುವುದೂ ಇದನ್ನೇ.

ಇದು ಯಕೃತ್ತಿನ ಕತೆಯಾಯಿತು. ಮಿದುಳಿನ ಕತೆಯೂ ಇದೆ. ನಿಕೋಟಿನ್ ತಗಲುವ ಒಂದು ಗ್ರಾಹಕದ ವಂಶವಾಹಿಗೂ ಹೆಚ್ಚು ಸಿಗರೇಟು ಸೇದುವುದಕ್ಕೂ ನಂಟಿರುವುದು 2008ರಲ್ಲಿ ಖಚಿತವಾಯಿತು. ಆ ವಂಶವಾಹಿಯನ್ನು ತೆಗೆದ ಇಲಿಗಳಲ್ಲಿ ಮಿದುಳಿನ "ಸಾಕು" ಎಂಬ ಸಂಕೇತ ಕುಗ್ಗುವುದನ್ನು 2011ರಲ್ಲಿ ಕಂಡರು. ಆ ಸಂಕೇತವನ್ನು ಬಲಪಡಿಸುವ ಮದ್ದು ಸಿಕ್ಕೀತೇ ಎಂಬುದು ಈಗಿನ ಪ್ರಶ್ನೆ.

ಎಲ್ಲ ಆಸೆಯೂ ಕೈಗೂಡಿಲ್ಲ. ಕುಡಿತ ಬಿಡಿಸುವ ನಾಲ್ಟ್ರೆಕ್ಸೋನ್ ಯಾರಿಗೆ ಹೆಚ್ಚು ಹಿಡಿಸೀತೆಂಬುದನ್ನು ಒಂದು ವಂಶವಾಹಿಯಿಂದ ತಿಳಿಯಬಹುದೆಂದಿದ್ದರು. 2015ರ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಆತ್ಮಹತ್ಯೆಗೆ ಯತ್ನಿಸಿದ ಸುಮಾರು 30,000 ಜನರ ವಂಶವಾಹಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ ಏಳನೆಯ ವರ್ಣತಂತುವಿನಲ್ಲಿ ಒಂದು ತಾಣವನ್ನು ಗುರುತಿಸಿತು. ಅದು ಸಂಶೋಧಕರಿಗೆ ಸುಳಿವು. ಇಂಥವನು ಸಾಯುವನೆಂದು ಹೇಳುವ ಜಾತಕವಲ್ಲ.

ನಮ್ಮ ನಾಡೂ ಹಿಂದುಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಭಂಡಾರವಿದೆ. ಸತ್ತವರ ಮನೆಯವರು ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧನೆಗೆ ಒದಗುತ್ತವೆ. ದುಃಖದ ಗಳಿಗೆಯಲ್ಲಿ ಪರರ ಮಕ್ಕಳನ್ನು ನೆನೆದ ಆ ಮನೆಗಳಿಗೆ ನಾವು ಋಣಿಗಳು.

2022ರೊಂದು ವರ್ಷದಲ್ಲೇ ಭಾರತದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರೆಂದು ಸರಕಾರದ ದಾಖಲೆ ಹೇಳುತ್ತದೆ. ಹೊಸ ಮದ್ದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ, ಈಗಲೂ ಚಿಕಿತ್ಸೆಯುಂಟು. ಅಜ್ಜನ ಕುಡಿತವನ್ನೂ ಚಿಕ್ಕಪ್ಪನ ಸಾವನ್ನೂ ವೈದ್ಯರಲ್ಲಿ ಮುಚ್ಚಿಡದಿರೋಣ. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಕದಡುವುದು ಬೇಡ. ಮೇಲೆ ಮದ್ಯ ಬಿದ್ದರೆ ಪ್ರಾಣಕ್ಕೇ ಕುತ್ತು. ಮಂಕಾಗಿ ಕುಳಿತವನನ್ನು "ಸಾಯುವ ಯೋಚನೆ ಬರುತ್ತಿದೆಯೇನಪ್ಪಾ?" ಎಂದು ನೇರವಾಗಿ ಕೇಳೋಣ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರಕಾರದ ಟೆಲಿ-ಮಾನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ.

ನಾಡಿನಿಂದ ದೂರವಿರುವ ನಮಗೆ ಈ ಸಂಘವೇ ನಂಟರ ಮನೆ. ಕಷ್ಟದ ಮಾತೂ ಇಲ್ಲಿ ಸಲ್ಲಲಿ ಎಂದು ಬಿನ್ನವಿಸಿ ವಿರಮಿಸುತ್ತೇವೆ.