ಪಟ್ಟಿ ಯಾರ ಕೈಯಲ್ಲಿರಬೇಕು?

(ಮಲಾಡಿನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಪುಸ್ತಕಪಟ್ಟಿಯನ್ನು ನಾವೆಲ್ಲ ಬಲ್ಲೆವು. ಪಟ್ಟಿಯೊಳಗೆ ಪುಸ್ತಕವಿಲ್ಲ, ಅದರ ಹೆಸರೂ ಕಪಾಟಿನ ಅಂಕೆಯೂ ಇವೆ. ಅಂತರ್ಜಾಲದ ಮೂಲಕ ಟಿವಿ ನೋಡುವವರ ‘ಪ್ಲೇಲಿಸ್ಟ್’ ಎಂಬುದೂ ಇಷ್ಟೇ. ಎಂ3ಯು ಎಂಬ ಬಗೆಯ ಕಡತವನ್ನು ತೆರೆದರೆ ವಾಹಿನಿಯೊಂದಕ್ಕೆ ಎರಡು ಸಾಲು: ಮೇಲೆ ಹೆಸರು, ಕೆಳಗೆ ಪ್ರಸಾರದ ವಿಳಾಸ. ಕಿರಾಣಿ ಚೀಟಿ ಬರೆಯಬಲ್ಲವರು ಇದನ್ನೂ ಬರೆಯಬಲ್ಲರು.

1990ರ ದಶಕದಲ್ಲಿ ಹಾಡುಗಳ ಸಲುವಾಗಿ ಹುಟ್ಟಿದ ಈ ಪದ್ಧತಿಯನ್ನು ಆಪಲ್ ಕಂಪೆನಿಯವರು 2009ರಲ್ಲಿ ವಿಡಿಯೋ ಪ್ರಸಾರಕ್ಕೆ ಒಗ್ಗಿಸಿದರು. 2017ರ ಆಗಸ್ಟಿನಲ್ಲಿ ಅದರ ವಿವರ, ಆರ್‌ಎಫ್‌ಸಿ 8216 ಎಂಬ ಹೆಸರಿನಿಂದ, ಯಾರೂ ಓದಬಹುದಾದಂತೆ ಪ್ರಕಟವಾಯಿತು. ಎಕ್ಸ್‌ಎಸ್‌ಪಿಎಫ್ ಎಂಬ ಇನ್ನೊಂದು ಮುಕ್ತ ಪದ್ಧತಿಯೂ ಉಂಟು. ಅಚ್ಚುಕಟ್ಟಾದದ್ದು, ಆದರೆ ಬಳಕೆ ಕಡಮೆ.

ಇದರಿಂದ ನಮಗೇನು ಎಂದು ಕೇಳುವಿರಿ. ನಮ್ಮ ಮನೆಗಳ ಕೇಬಲ್ ಪೆಟ್ಟಿಗೆಯಲ್ಲಿ ಹಿಂದಿ, ಮರಾಠಿ ವಾಹಿನಿಗಳನ್ನೆಲ್ಲ ದಾಟಿದ ಮೇಲೆ ಕನ್ನಡ. ಕಣ್ಣು ಮಂದವಾದ ಅಜ್ಜಿ ರಿಮೋಟಿನ ಗುಂಡಿಯನ್ನು ಎಷ್ಟು ಸಲ ಒತ್ತಬೇಕು? ನಾವೇ ಬರೆದ ಪಟ್ಟಿಯಲ್ಲಾದರೆ ಕನ್ನಡವೇ ಮೊದಲು. ಅದನ್ನು ವಿಎಲ್‌ಸಿಯಂಥ ಉಚಿತ ತಂತ್ರಾಂಶವು ಗಣಕದಲ್ಲಿಯೂ ಫೋನಿನಲ್ಲಿಯೂ ಆಂಡ್ರಾಯ್ಡ್ ಟಿವಿಯಲ್ಲಿಯೂ ಓದುತ್ತದೆ. ಅಜ್ಜಿ ಮಲಾಡಿನಿಂದ ವಿರಾರದ ಮಗನ ಮನೆಗೆ ಹೋದರೂ ಪಟ್ಟಿ ಜೊತೆಗೆ ಹೋಗುತ್ತದೆ. ಕಂಪೆನಿಯ ಆ್ಯಪಿನೊಳಗೆ ಗುರುತುಮಾಡಿಟ್ಟ ಮೆಚ್ಚಿನ ವಾಹಿನಿಗಳಾದರೋ ಸಾಮಾನ್ಯವಾಗಿ ಆ ಹೊಸಿಲು ದಾಟವು.

ನಾವು ಮೊದಲ ಸಲ ಪಟ್ಟಿ ಬರೆದಾಗ ‘ಚಂದನ’ ಎಂಬ ಹೆಸರು ಟಿವಿಯ ಮೇಲೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡಿತು. ಟಿವಿಯೇ ಕೆಟ್ಟಿತೆಂದುಕೊಂಡೆವು. ತಪ್ಪು ನಮ್ಮದು: ಕಡತವನ್ನು ವಿಂಡೋಸಿನ ಹಳೆಯ ‘ಆನ್ಸಿ’ ಕ್ರಮದಲ್ಲಿ ಉಳಿಸಿದ್ದೆವು. ಆ ಕ್ರಮದಲ್ಲಿ ಗ್ರೀಕಿಗೂ ರಷ್ಯನ್ನಿಗೂ ಅಕ್ಷರಕೋಷ್ಟಕವಿತ್ತು, ಕನ್ನಡಕ್ಕೆ ಇರಲೇ ಇಲ್ಲ! ಯುಟಿಎಫ್-8ರಲ್ಲಿ ಉಳಿಸಿದೊಡನೆ ಅಕ್ಷರಗಳು ಮೂಡಿದವು. ಎಂ3ಯು8 ಎಂಬಲ್ಲಿಯ ಕೊನೆಯ ಎಂಟಕ್ಕೆ ಇದೇ ಅರ್ಥ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಪಟ್ಟಿ ಮುಕ್ತವೆಂದರೆ ಪ್ರಸಾರವೂ ಪುಕ್ಕಟೆಯೆಂದಲ್ಲ. ಸಾವಿರ ವಾಹಿನಿಗಳೆಂದು ವಾಟ್ಸಾಪಿನಲ್ಲಿ ಸುತ್ತುವ ಪಟ್ಟಿಗಳಲ್ಲಿ ಕದ್ದ ಮಾಲೂ ಸೇರಿರುತ್ತದೆ. ಅವನ್ನು ನಾವು ಇಲ್ಲಿ ಹಂಚುವುದಿಲ್ಲ. ಪ್ರಸಾರಕರು ತಾವೇ ಬಹಿರಂಗವಾಗಿ ಕೊಟ್ಟ ವಿಳಾಸಗಳನ್ನಷ್ಟೇ ಬರೆಯೋಣ. ದೂರದರ್ಶನದ ವಾಹಿನಿಗಳಿಗೆ ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ತೆರೆದ ‘ವೇವ್ಸ್’ ಆ್ಯಪಿನ ಬಾಗಿಲೂ ಇದೆ.

ವಿಳಾಸಗಳು ಬದಲಾಗುತ್ತವೆ, ಆಗ ಪಟ್ಟಿ ಮೂಕವಾಗುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಅದನ್ನು ತಿದ್ದುವವರು ಇಬ್ಬರಾದರೂ ಬೇಕು. ತರುಣರು ಗ್ರಂಥಪಾಲರಲ್ಲಿ ಹೆಸರು ಕೊಡಲಿ. ಪಟ್ಟಿ ಬೇಕಾದವರು ರವಿವಾರ ಸಂಜೆ ಪೆನ್‌ಡ್ರೈವ್ ತರಬೇಕು.